ಟವೆಲ್ ಹಾಕಿಟ್ಟ ಜಾಗ

ಸತ್ತವರಿಂದಲೂ ಸುಂಕ ಕೇಳುವ ಸರ್ಕಾರವೊಂದಿದೆ ಎಂದರೆ ಹಾಸನದ ಜನ ನಗುತ್ತಾರೆ. ಗಂಗಾಂಬಿಕೆಗೆ ನಗು ಬರುತ್ತಿರಲಿಲ್ಲ. ಗಂಡ ಬಸವೇಶರೂ ಅವಳೂ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮೂವತ್ತು ವರ್ಷ ಆಸ್ಪತ್ರೆಯ ಚಾಕರಿ ಮಾಡಿದವರು. ಅಲ್ಲಿ ಸತ್ತವರ ಆಸ್ತಿ ಒಂದು ಮಿತಿ ದಾಟಿದರೆ, ಮಿಕ್ಕಿದ್ದರಲ್ಲಿ ನೂರಕ್ಕೆ ನಲವತ್ತು ಸರ್ಕಾರದ ಪಾಲು. "ನಮ್ ದುಡಿಮೆ ಪೂರ್ತಿ ಮಗಳ್ಗೇ ಸೇರ್ಬೇಕು ಕಣೆ," ಎಂದು ಹೇಳಿಯೇ ಬಸವೇಶರು ಅಲ್ಲೇ ಕಣ್ಣು ಮುಚ್ಚಿದ್ದರು.

ಮಗಳು ಶಿವರಂಜನಿ ಗಂಡನಿಂದ ಬೇರೆಯಾಗಿ ಹಾಸನದಲ್ಲಿ ಪುಟ್ಟದೊಂದು ಫಿಸಿಯೋಥೆರಪಿ ಕ್ಲಿನಿಕ್ ಇಟ್ಟುಕೊಂಡಿದ್ದಳು. ಗಂಗಾಂಬಿಕೆ ಅವಳ ಜೊತೆಗೇ ಇರಲು ಬಂದಳು. ಬೆಂಗಳೂರಿನ ತೆರಿಗೆ ಸಲಹೆಗಾರ ಸುದರ್ಶನ್ ಆ ಸುಂಕ ತಪ್ಪಿಸಲು ಪಿಂಚಣಿಯ ಹಣವನ್ನೆಲ್ಲ ಮಾಲ್ಟಾ ಎಂಬ ದ್ವೀಪದ ಯೋಜನೆಯೊಂದಕ್ಕೆ ದಾಟಿಸಿಕೊಟ್ಟಿದ್ದ. ಹಾಸನದ ಸೀಮೆ ಬಿಟ್ಟರೆ ಲೆಸ್ಟರ್ ಮಾತ್ರ ಕಂಡಿದ್ದ ದಂಪತಿಗಳ ದುಡ್ಡು, ಅವರು ಹೆಸರೂ ಕೇಳದ ಊರಿನಲ್ಲಿ ಹೋಗಿ ಕೂತಿತು.

"ಅಷ್ಟೇ ಸಾಲದು ಮೇಡಂ," ಎಂದ ಸುದರ್ಶನ್ ಒಂದು ದಿನ ಫೋನಿನಲ್ಲಿ. "ಇನ್ನು ಹಾಸನಾನೇ ನಿಮ್ಮ ಕೊನೇವರೆಗಿನ ಊರು ಅಂತ ತೋರಿಸ್ಬೇಕು. ಲೆಸ್ಟರ್ ಮನೆ ಮಾರಿದ್ರಿ, ಸರಿ. ಅಲ್ಲಿ ನಿಮಗೆ ಅಂತ ತಗೊಂಡಿರೋ ಸ್ಮಶಾನದ ಜಾಗಾನೂ ವಾಪಸ್ ಕೊಟ್ಬಿಡಿ. ಮಣ್ಣಾಗೋಕೆ ಅಲ್ಲಿಗೇ ಹೋಗೋರು ಇಲ್ಲಿಯೋರು ಹೇಗಾಗ್ತಾರೆ ಅಂತ ಅಲ್ಲಿನ ತೆರಿಗೆಯೋರು ಕೇಳ್ತಾರೆ."

ಗಂಗಾಂಬಿಕೆ ಫೋನು ಕೆಳಗಿಟ್ಟಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಆಗುವುದೇನು?

ಆ ಜಾಗ ಬಸವೇಶರ ಪಕ್ಕದ್ದು. ಕಾಯಿಲೆ ಗೊತ್ತಾದ ವರ್ಷವೇ ಅವರು ಎರಡು ಗುಂಡಿಯ ಜಾಗ ಕೊಂಡು, "ಸೀಟ್ ಹಿಡ್ದಿದೀನಿ, ನಿಧಾನಕ್ಕೆ ಬಾ," ಎಂದಿದ್ದರು. ಹೊಳೆನರಸೀಪುರದಿಂದ ಹಾಸನಕ್ಕೆ ನರ್ಸಿಂಗ್ ಓದಲು ಬಸ್ಸು ಹತ್ತುತ್ತಿದ್ದ ಕಾಲದಲ್ಲೂ ಹಾಗೆಯೇ. ಕಿಟಕಿಯಿಂದ ಟವೆಲ್ ಎಸೆದು ಅವಳಿಗೊಂದು ಸೀಟು ಹಿಡಿಯುತ್ತಿದ್ದರು. ಪರಿಚಯವಾಗಿದ್ದೇ ಆ ಟವೆಲ್ಲಿನಿಂದ.

ಅವಳ ಎದೆಯಲ್ಲಿ ಇನ್ನೊಂದು ಸಂಕಟವಿತ್ತು. ಅವರ ಕುಲದಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಅವರ ಇಷ್ಟಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಲೆಸ್ಟರ್‌ನಲ್ಲಿ ಕೂರಿಸಲು ಬಿಡಲಿಲ್ಲ, ಮಲಗಿಸಿದರು. ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನಾದರೂ ಅಂಗೈಗೆ ಇಟ್ಟೆನಲ್ಲ ಎಂದು ಅವಳು ಸಮಾಧಾನಪಟ್ಟಿದ್ದಳು. ವಾರ ಕಳೆದ ಮೇಲೆ ಶವಪೆಟ್ಟಿಗೆಯವನು ಬಾಗಿಲಿಗೆ ಬಂದು, ಬಸವೇಶರ ಕೈಗಡಿಯಾರದ ಜೊತೆ ಆ ಕರಡಿಗೆಯನ್ನೂ ಅವಳ ಕೈಗಿತ್ತ. ಬೆಲೆಬಾಳುವ ಬೆಳ್ಳಿ ಮಣ್ಣುಪಾಲಾಗಬಾರದೆಂದು ತೆಗೆದಿಟ್ಟಿದ್ದನಂತೆ. ಪ್ರಾಮಾಣಿಕ ಮನುಷ್ಯ, ಅವನನ್ನು ಬೈಯಲೂ ಆಗಲಿಲ್ಲ.

ತಾನು ಪಕ್ಕದಲ್ಲಿ ಮಲಗುವ ದಿನ ಅದನ್ನು ಒಯ್ದು ಕೊಡುತ್ತೇನೆಂದು ಅವಳು ಯಾರಿಗೂ ಹೇಳದೆ ಕಾದಿದ್ದಳು. ಲಿಂಗದಲ್ಲಿ ಐಕ್ಯವಾದವರಿಗೆ ಪಕ್ಕ ಯಾವುದು, ದೂರ ಯಾವುದು? ಅದೆಲ್ಲ ಅವಳಿಗೂ ಗೊತ್ತು. ಆದರೂ ಅವಳಿಗೆ ಅವರ ಪಕ್ಕವೇ ಬೇಕಿತ್ತು. ಆ ಆಸೆಯಲ್ಲೇ ಅವಳ ದಿನಗಳು ಸಾಗಿದ್ದವು.

ಸಂಜೆ ಶಿವರಂಜನಿ ಕ್ಲಿನಿಕ್ಕಿನಿಂದ ಬಂದು, ದಿನವಿಡೀ ಕಂಡವರ ಬೆನ್ನು ನೀವಿದ ಕೈಗಳನ್ನು ಬಿಸಿನೀರಿನಲ್ಲಿ ಅದ್ದಿ ಕೂತಳು. ಗಂಗಾಂಬಿಕೆ ಬಹಳ ಹೊತ್ತು ಅದನ್ನೇ ನೋಡಿದಳು. ಮರುದಿನ ಬೆಳಿಗ್ಗೆ ಸುದರ್ಶನ್‌ಗೆ ಫೋನು ಮಾಡಿ, ಜಾಗ ವಾಪಸ್ ಕೊಡಲು ಹೇಳಿದಳು.

ಭಾನುವಾರ ತಾಯಿ ಮಗಳು ಬಸವೇಶರ ಹಿರಿಯರ ಊರಾದ ಸಾಲಗಾಮೆಗೆ ಹೋದರು. ಬಸವೇಶರ ಅಣ್ಣ ರುದ್ರಯ್ಯ ಹೊಲದ ಮೂಲೆಯಲ್ಲಿದ್ದ ಮನೆತನದ ಸಮಾಧಿಗಳ ಹತ್ತಿರ ಕರೆದೊಯ್ದರು.

"ಜಾಗಕ್ಕೇನ್ ಬರ ಐತವ್ವಾ. ನಮ್ಮವ್ವನ ಪಕ್ಕ ಬೇಕಾದಂಗೈತೆ. ಒಬ್ರಿಗೆ ತಾನೆ?"

"ಇಬ್ರಿಗೆ ಬಾವಾ."

ಗಂಗಾಂಬಿಕೆ ಸೆರಗಿನ ಗಂಟು ಬಿಚ್ಚಿ ಕರಡಿಗೆ ತೆಗೆದಳು. ಅದು ಅಪ್ಪನದೆಂದು ಶಿವರಂಜನಿಗೆ ಕಂಡ ಕೂಡಲೇ ಗುರುತು ಸಿಕ್ಕಿತು.

"ಇದು ಅಪ್ಪನ್ ಜೊತೆ ಓಗ್ಲಿಲ್ವೇನವ್ವಾ?"

"ವಾಪಸ್ ಕೊಟ್ಬುಟ್ರು ಕಣೆ. ನನ್ನ ಕೂರಿಸ್ದಾಗ ಅಂಗೈಲಿ ಎರಡೂ ಇಡು, ನಂದೂ, ಇದೂ."

ಶಿವರಂಜನಿ ಅಮ್ಮನ ಕೈ ಹಿಡಿದುಕೊಂಡಳು. ರುದ್ರಯ್ಯ ಮುಖ ಆ ಕಡೆ ತಿರುಗಿಸಿದರು.

"ಅಲ್ಲಿ ನಿಮ್ಮಪ್ಪ ಹಿಡ್ದಿದ್ದ ಸೀಟು ಬಿಟ್ಕೊಟ್ಟೆ," ಎಂದಳು ಗಂಗಾಂಬಿಕೆ. ಅತ್ತೆಯ ಸಮಾಧಿಯ ಪಕ್ಕದ ಹುಲ್ಲನ್ನು ನೋಡಿ ಕೈ ಚಾಚಿದಳು. "ಬಾವಾ, ನಿಮ್ ಹೆಗಲ ಮೇಲಿನ್ ಟವೆಲ್ ಒಸಿ ಕೊಡಿ."

ಇಸಿದುಕೊಂಡು, ಮಡಿಕೆ ಬಿಚ್ಚಿ, ಆ ಹುಲ್ಲಿನ ಮೇಲೆ ಹಾಸಿದಳು.