ಡಿಂಪ್ನಾಗೆ ಬಿದ್ದ ಎರಡುಗಳು

ನನ್ನ ಹೆಂಡತಿ ಡಿಂಪ್ನಾ ಕೌಂಟಿ ಕೌನ್ಸಿಲ್, ಅಂದರೆ ನಮ್ಮ ಜಿಲ್ಲಾ ಆಡಳಿತ ಸಭೆಯ, ಚುನಾವಣೆಗೆ ನಿಂತಾಗ ಅವಳಿಗೆ ಐವತ್ತೊಂಬತ್ತು ವರ್ಷ. ನಮ್ಮೂರು ಕಿಲ್‌ಕಾರಾದಲ್ಲಿ ಅವಳು ಕೆಲಸ ಮಾಡುತ್ತಿದ್ದ ಅಂಚೆ ಕಚೇರಿ ಮುಚ್ಚಿ ಅವಳನ್ನು ಮನೆಗೆ ಕಳಿಸಿ ಹನ್ನೊಂದು ವರ್ಷವಾಗಿತ್ತು. ಕಚೇರಿ ಮುಚ್ಚಿದರೂ ಜನ ಬರುವುದು ನಿಲ್ಲಲಿಲ್ಲ, ನಮ್ಮ ಅಡುಗೆಮನೆಗೆ ಬರತೊಡಗಿದರು ಅಷ್ಟೆ. ವಿಧವೆಯರ ಪಿಂಚಣಿ, ಮನೆ ಕಟ್ಟುವ ಪರವಾನಗಿ, ರಸ್ತೆಯ ಗುಂಡಿ, ಯಾವುದೇ ಅರ್ಜಿಯಿರಲಿ ಡಿಂಪ್ನಾಳೇ ಬರೆದುಕೊಡಬೇಕು. ಕಂಡವರ ಅರ್ಜಿಗಳ ಪಕ್ಕದಲ್ಲಿ ನನ್ನ ಚಹಾ ಎಷ್ಟು ಸಲ ಆರಿಹೋಗಿದೆಯೋ ದೇವರೇ ಬಲ್ಲ.

ತಿಂಗಳಿಗೊಮ್ಮೆ ಅವಳು ಕೌನ್ಸಿಲ್ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಅಲ್ಲಿ ನಮ್ಮಂಥವರು ಕೇಳಿಸಿಕೊಳ್ಳಬಹುದು, ಬಾಯಿ ತೆರೆಯುವಂತಿಲ್ಲ. ಶಾಲೆಯ ತಿರುವಿನಲ್ಲಿ ಒಂದು ಫುಟ್‌ಪಾತ್ ಬೇಕೆಂಬ ಅವಳ ಅರ್ಜಿಯನ್ನು ಏಳು ವರ್ಷ ಮುಂದಕ್ಕೆ ತಳ್ಳುತ್ತಲೇ ಬಂದರು. ಪ್ರತಿ ಸಲವೂ ಅವಳು ತುಟಿ ಕಚ್ಚಿಕೊಂಡು ಮನೆಗೆ ಬಂದಳು.

"ಆ ಕೋಣೇಲಿ ಎದ್ದು ನಿಂತು ಮಾತಾಡೋ ಹಕ್ಕು ಬೇಕು ನಂಗೆ, ಕೋಲ್ಮನ್," ಅಂದಳು. "ಇನ್ನೇನೂ ಬೇಡ. ಇದೊಂದು ಸಲ ನಿಲ್ತೀನಿ. ಸೋತ್ರೆ ಇನ್ನು ಐದು ವರ್ಷ ಕಾಯೋ ತಾಳ್ಮೆ ನನಗಿಲ್ಲ."

ಆರು ಸ್ಥಾನ, ಹದಿಮೂರು ಜನ ಅಭ್ಯರ್ಥಿಗಳು. ಎರಡು ತಿಂಗಳು ನಾನು ಕಾರು ಓಡಿಸಿದೆ, ಕಂಬ ಹತ್ತಿ ಅವಳ ಫೋಟೋ ಕಟ್ಟಿದೆ. ಎರಡು ನಾಯಿಗಳು ಕಚ್ಚಿದವು, ಎರಡೂ ನಮ್ಮ ಕಡೆಯವರ ಮನೆಯವೇ. ಎಲ್ಲ ಬಾಗಿಲಲ್ಲೂ ಒಂದೇ ಮಾತು: "ನಮ್ಮ ಒಂದನೇ ಅಂಕಿ ಡಿಂಪ್ನಾಗೇ."

ನಮ್ಮಲ್ಲಿ ಮತಪತ್ರದ ಮೇಲೆ ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಬರೆಯುತ್ತೇವೆ. ಮೊದಲು ಲೆಕ್ಕಕ್ಕೆ ಬರುವುದು ಒಂದು ಮಾತ್ರ. ಆಮೇಲೆ ಎಲ್ಲರಿಗಿಂತ ಹಿಂದಿರುವವನನ್ನು ಕೈಬಿಟ್ಟು, ಅವನ ಚೀಟಿಗಳನ್ನು ಅವುಗಳಲ್ಲಿ ಎರಡು ಬಿದ್ದವರಿಗೆ ಹಂಚುತ್ತಾರೆ. ಹೀಗೆ ಸುತ್ತಿನ ಮೇಲೆ ಸುತ್ತು. ಎರಡು ಎಷ್ಟೇ ಬಿದ್ದರೂ ಅವು ಕೈಗೆ ಬರುವವರೆಗೆ ನಾವು ಕಣದಲ್ಲಿ ಉಳಿದಿರಬೇಕು. ಇದು ನಮ್ಮೂರಿನ ಪ್ರತಿಯೊಬ್ಬನಿಗೂ ಗೊತ್ತು, ನನಗೂ ಗೊತ್ತಿತ್ತು.

ಮತದಾನಕ್ಕೆ ಮುಂಚಿನ ಭಾನುವಾರ, ಚರ್ಚಿನಿಂದ ನೇರ ರೀಗನ್‌ನ ಪಬ್ಬಿಗೆ ಹೋದೆ. ಹದಿನೈದು ಜನರಿದ್ದರು.

"ಹೇಗಿದೆ ಹವಾ?" ಎಂದು ಕೇಳಿದ ಪಕ್ಕದ ಹೊಲದ ಪ್ಯಾಕಿ.

"ಗೆದ್ದಾಯ್ತು ಬಿಡು. ಹೋಗಿ ಕುರ್ಚಿ ಒರೆಸ್ಕೊಂಡು ಕೂತ್ಕೊಳ್ಳೋದೊಂದೇ ಬಾಕಿ."

"ಅಷ್ಟು ಗ್ಯಾರಂಟಿನಾ?"

"ಮನೆಮನೆ ಲೆಕ್ಕ ಹಾಕಿದೀನಿ ಮಾರಾಯ."

ಪ್ಯಾಕಿ ಗ್ಲಾಸು ಕೆಳಗಿಟ್ಟ. "ಹಂಗಾದ್ರೆ ಪಾಪ ಫಿಂಟನ್ ಗತಿ ಏನು? ಅವರಮ್ಮ ಬೆಸ್ಸಿ ಈಗಷ್ಟೇ ಚರ್ಚ್ ಬಾಗಿಲಲ್ಲಿ ಅಳ್ತಿದ್ಲು. ಮಗನಿಗೆ ನಲವತ್ತೇ ವೋಟು ಬಿದ್ರೆ ಯಾವ ಮುಖ ಇಟ್ಕೊಂಡು ಅಂಗಡಿಗೆ ಹೋಗ್ಲಿ ಅಂತ."

ಫಿಂಟನ್ ಮುಲ್ವಿ ಶಾಲಾ ಬಸ್ಸಿನ ಡ್ರೈವರ್. ಫುಟ್‌ಬಾಲ್ ಕ್ಲಬ್ಬಿನವರು ಬಲವಂತ ಮಾಡಿ ಅವನನ್ನು ಚುನಾವಣೆಗೆ ನಿಲ್ಲಿಸಿದ್ದರು. ಅವನು ಒಟ್ಟಿಗೆ ಹತ್ತು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಹಾಕ್ರಪ್ಪ ಅವನಿಗೂ ಒಂದಿಷ್ಟು," ಅಂದೆ ನಾನು ದೊಡ್ಡ ಮನಸ್ಸಿನವನ ಹಾಗೆ. "ನಮಗೇನು ಕೊರತೆ?"

ಈ ನಾಲಿಗೆಯನ್ನು ನಾನು ಇನ್ನೂ ಶಪಿಸುತ್ತಿದ್ದೇನೆ.

ಎಣಿಕೆ ನಡೆದದ್ದು ಕೌಂಟಿಯ ಮುಖ್ಯ ಪಟ್ಟಣದ ಕ್ರೀಡಾಭವನದಲ್ಲಿ. ಪೆಟ್ಟಿಗೆ ತೆರೆದು ಚೀಟಿ ಬಿಡಿಸುವಾಗ ಎಲ್ಲ ಅಭ್ಯರ್ಥಿಗಳ ಕಡೆಯವರೂ ಕಂಬಿಗೆ ಆತುಕೊಂಡು, ಇಣುಕಿ ನೋಡಿ ಗುರುತು ಹಾಕಿಕೊಳ್ಳುವುದು ವಾಡಿಕೆ. ಅಧಿಕಾರಿಗಳು ಹೇಳುವುದಕ್ಕೆ ಮುಂಚೆಯೇ ನಮಗೆ ಎಲ್ಲ ತಿಳಿದಿರುತ್ತದೆ. ಕಿಲ್‌ಕಾರಾದ ಪೆಟ್ಟಿಗೆ ಬಂದಾಗ ನಾನು ಪೆನ್ಸಿಲ್ ಹಿಡಿದು ನಿಂತೆ. ಡಿಂಪ್ನಾಳ ಹೆಸರಿನ ಮುಂದೆ ಎರಡು. ಮತ್ತೆ ಎರಡು. ನಡುವೆ ಅಪರೂಪಕ್ಕೆ ಒಂದು, ಮತ್ತೆ ಸಾಲಾಗಿ ಎರಡು. ಆ ಎರಡುಗಳಿದ್ದ ಚೀಟಿಗಳಲ್ಲಿ ಒಂದೆಲ್ಲ ಫಿಂಟನ್‌ಗೆ ಬಿದ್ದಿತ್ತು.

ನನ್ನ ಪಕ್ಕದಲ್ಲಿ ನಿಂತಿದ್ದ ಪ್ಯಾಕಿಯ ಮುಖ ಕಪ್ಪಿಟ್ಟಿತು. "ನೀನೇ ಗ್ಯಾರಂಟಿ ಅಂದ್ಯಲ್ಲೋ. ಅವಳಿಗೆ ಎರಡು ಹಾಕೇ ಹಾಕಿದೀನಿ, ಆಣೆ ಮಾಡಿ ಹೇಳ್ತೀನಿ."

"ನೀನೊಬ್ಬನೇ ಅಲ್ಲ, ಊರೇ ಹಾಕಿದೆ," ಅಂದೆ.

ಆರನೇ ಸುತ್ತಿನಲ್ಲಿ ಫಿಂಟನ್ ಎಂಟುನೂರ ನಲವತ್ತೇಳು, ಡಿಂಪ್ನಾ ಎಂಟುನೂರ ನಲವತ್ತೊಂದು. ಎಲ್ಲರಿಗಿಂತ ಹಿಂದಿದ್ದವಳು ಅವಳೇ. ಮರುಎಣಿಕೆಯಲ್ಲೂ ಅದೇ ಆರರ ಅಂತರ. ಅವಳ ಹೆಸರು ಕೈಬಿಟ್ಟರು, ಅವಳ ಚೀಟಿಗಳನ್ನು ಹಂಚಿದರು. ಅವಳಿಗೆ ಒಂದು ಹಾಕಿದವರಲ್ಲಿ ಹೆಚ್ಚಿನವರು ಎರಡನ್ನು ಫಿಂಟನ್‌ಗೆ ಹಾಕಿದ್ದರು. ಆರನೇ ಸ್ಥಾನ ಅವನದಾಯಿತು. ನಮ್ಮವರಿಂದ ಅವನಿಗೆ ಬಿದ್ದ ಎರಡುಗಳು ಕೆಲಸಕ್ಕೆ ಬಂದವು. ಅವನು ಕಣದಲ್ಲೇ ಉಳಿದದ್ದರಿಂದ ಅವನ ಚೀಟಿಗಳಲ್ಲಿ ಅವಳಿಗೆ ಬಿದ್ದ ಎರಡುಗಳನ್ನು ಯಾರೂ ಎಣಿಸಲೇ ಇಲ್ಲ.

ಕ್ಲಬ್ಬಿನವರು ಹೆಗಲ ಮೇಲೆ ಹೊತ್ತಿದ್ದ ಫಿಂಟನ್ ಹೇಗೋ ಕೆಳಗಿಳಿದು ಅವಳ ಬಳಿ ಬಂದ. ಮುಖ ಬಿಳಿಚಿಕೊಂಡಿತ್ತು. "ನಂಗೆ ಮಾತಾಡೋಕೆ ಬರಲ್ಲ, ಡಿಂಪ್ನಾ. ಅಲ್ಲಿ ಹೋಗಿ ಏನ್ಮಾಡ್ಲಿ?"

"ಮೊದ್ಲು ಎದ್ದು ನಿಂತ್ಕೊಳ್ಳೋದು ಕಲಿ. ಶಾಲೆ ತಿರುವಿನ ಫುಟ್‌ಪಾತ್ ವಿಷಯ ನಾನು ಬರೆದುಕೊಡ್ತೀನಿ, ಓದು," ಅಂದಳು. ದನಿ ನಡುಗಲಿಲ್ಲ.

ಕಾರನ್ನು ಊರಿನ ಕಡೆ ತಿರುಗಿಸಿದೆ. ಜೂನ್ ತಿಂಗಳ ಬಿಸಿಲು ಇನ್ನೂ ಇತ್ತು, ಪ್ರತಿ ಕಂಬದ ಮೇಲೂ ಅವಳು ನಗುತ್ತಿದ್ದಳು. ಐದಾರು ಮೈಲಿ ದಾಟಿದ ಮೇಲೆ ನಾನೇ ಬಾಯಿಬಿಟ್ಟೆ.

"ತಪ್ಪು ನಂದು, ಡಿಂಪ್ನಾ. ರೀಗನ್ ಪಬ್ಬಲ್ಲಿ ಕೂತು ನೀನು ಗೆದ್ದಾಯ್ತು ಅಂತ ಕೊಚ್ಕೊಂಡೆ. ಫಿಂಟನ್‌ಗೂ ಹಾಕಿ ಅಂದೆ. ಹದಿನೈದು ಜನ ಕೇಳಿಸ್ಕೊಂಡ್ರು, ಹದಿನೈದು ಮನೆಗೆ ಹೇಳಿದ್ರು. ಬೈ ನನ್ನ."

ಅವಳು ಬೈಯಲಿಲ್ಲ.

"ಮನೇಲೂ ಹಂಗೇ ಅಂತಿದ್ದೆ ನೀನು," ಅಂದಳು ಕಿಟಕಿಯ ಆಚೆ ನೋಡುತ್ತ. "ದಿನಾ."

"ಅಂತಿದ್ದೆ."

"ಬೆಸ್ಸಿ ನನ್ ಹತ್ರನೂ ಬಂದಿದ್ಲು. ಅಡುಗೆಮನೇಲಿ ಕೂತು ಅತ್ಲು."

ನಾನು ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದೆ. ಅವಳತ್ತ ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಡಿಂಪ್ನಾ, ನೀನು ಯಾರಿಗೆ ಹಾಕ್ದೆ?"

"ನನ್ನ ಹೆಸರಿನ ಮುಂದೆ ನಾನೇ ಒಂದು ಬರ್ಕೊಳ್ಳೋಕೆ ನಾಚಿಕೆಯಾಯ್ತು," ಅಂದಳು. "ಹೇಗೂ ಗೆದ್ದಾಯ್ತಲ್ಲ ಅಂತ ಎರಡು ಬರ್ಕೊಂಡೆ."