ಮುಂದಿನ ಸೀಟು, ಹಿಂದಿನ ಸೀಟು

ಹಿತ್ತಲಲ್ಲಿ ತುಕ್ಕು ಹಿಡಿಯುತ್ತ ಬಿದ್ದಿರುವ ಕಾರಿನ ಬಾಡಿ ನಮ್ಮ ಮಾವನದು. ಅವರದು ಟಿಂಕರಿಂಗ್ ಕೆಲಸ, ನುಜ್ಜುಗುಜ್ಜಾದ ಕಾರುಗಳನ್ನು ಬಡಿದು ಸರಿಮಾಡುವುದು. ಈಗ ಈ ಕಾರಿಗೆ ಎಂಜಿನ್ ಇಲ್ಲ, ಚಕ್ರ ಇಲ್ಲ. ಕಂಪನಿಯ ಹೆಸರಂತೂ ಮೊದಲಿನಿಂದಲೂ ಇರಲಿಲ್ಲ. ಅದು ಆಸ್ಟಿನ್ ಎಂದು ಭಾವ, ಹಿಲ್‌ಮನ್ ಎಂದು ನನ್ನ ಗಂಡ. ಕೇಳೋಣವೆಂದರೆ ಮಾವ ತೀರಿಕೊಂಡಿದ್ದರು. ಈ ಒಂದು ಮಾತಿಗೆ ಅಣ್ಣತಮ್ಮ ಊಟದ ನಡುವೆ ಎದ್ದವರು ಮತ್ತೆ ಮುಖ ಕೊಟ್ಟು ಮಾತಾಡಲಿಲ್ಲ. ಆಸ್ತಿಗೆ ಕಿತ್ತಾಡಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು.

ಆಸ್ಪತ್ರೆಯಲ್ಲಿ ಸಾಯುವ ಮುಂಚೆ ನನ್ನ ಗಂಡ ಕೊನೆಗೆ ಕೇಳಿದ್ದು "ಅಣ್ಣ ಬಂದ್ನಾ?" ಎಂದು. ಭಾವನಿಗೆ ಫೋನ್ ಮಾಡಿದೆ.

"ಅದು ಆಸ್ಟಿನ್ ಅಂತ ಒಪ್ಕೊಳ್ಳೋಕೆ ಹೇಳು, ಬರ್ತೀನಿ," ಅಂದರು ಭಾವ. ತಮಾಷೆಗೋ ಏನೋ. ಇವರು ಒಪ್ಪಲಿಲ್ಲ, ಅವರು ಬರಲಿಲ್ಲ.

ಮೊನ್ನೆ ಭಾವ ಬಂದರು, ಅದು ಯಾವ ಕಾರೆಂದು ಹೇಳಿಸಲು ಹಳೆಯ ಕಾರುಗಳ ಹುಚ್ಚಿರುವ ಒಬ್ಬರನ್ನು ಕಟ್ಟಿಕೊಂಡು. ಬರಲಿ ಅಂದೆ. ಆ ಮನುಷ್ಯ ಹಿಲ್‌ಮನ್ ಅನ್ನಬೇಕು, ಭಾವ ಒಳಗೆ ಬಂದು ಇವರ ಫೋಟೋ ಮುಂದೆ ನಿಂತು 'ತಪ್ಪಾಯ್ತು ಕಣೋ' ಅನ್ನಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಕಾರಿನವರು ಬಾನೆಟ್ಟಿನ ಕೀಲು ನೋಡಿದರು, ಡ್ಯಾಶ್‌ಬೋರ್ಡಿನ ಮೀಟರ್ ತೂತುಗಳಿಗೆ ಬೆರಳು ಹಾಕಿದರು.

"ಆಸ್ಟಿನ್ನೇ. ಅನುಮಾನಾನೇ ಇಲ್ಲ."

ಭಾವ ಗೆದ್ದವರ ಹಾಗೆ ನನ್ನ ಕಡೆ ತಿರುಗಿದ ರೀತಿ!

ಆದರೆ ಕಾರಿನವರು ಹಿಂದಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟರು. ಡಿಕ್ಕಿ ತಡವಿದರು, ದೀಪದ ಕುಳಿ ತಡವಿದರು. ಆಮೇಲೆ ಒಳಗೆ ತೂರಿ, ಮುಂದಿನ ಸೀಟಿನ ಹಿಂದೆ ನೆಲದ ತುಕ್ಕು ಕೆರೆದರು. ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಬೆಸುಗೆಯ ಗೆರೆ.

"ಇದು ಎರಡು ಕಾರು. ಮುಂದಿಂದು ಆಸ್ಟಿನ್, ಹಿಂದಿಂದು ಹಿಲ್‌ಮನ್. ಯಾರೋ ಚೆನ್ನಾಗಿ ಜೋಡಿಸಿದ್ದಾರೆ."

ನನಗೆ ಆಗ ಹೊಳೆಯಿತು. ದೊಡ್ಡ ಮಗನೆಂದು ಭಾವನಿಗೆ ಯಾವಾಗಲೂ ಅಪ್ಪನ ಪಕ್ಕದ ಸೀಟು, ಇವರಿಗೆ ಹಿಂದೆ. ಹಿಂದಿನ ಗಾಜಿಗೆ ಮೂಗು ಒತ್ತಿ ಕೂರುತ್ತಿದ್ದುದನ್ನು ಎಷ್ಟು ಸಲ ಹೇಳಿದ್ದರು! ದೊಡ್ಡವರಾದ ಮೇಲೆ ಭಾವ ಎಲ್ಲೋ ಒಂದು ಆಸ್ಟಿನ್ನಿನ ಡ್ಯಾಶ್‌ಬೋರ್ಡ್ ಕಂಡು ಇದೇ ಅಂದರು. ಇವರು ಎಲ್ಲೋ ಒಂದು ಹಿಲ್‌ಮನ್ನಿನ ಹಿಂದಿನ ಗಾಜು ಕಂಡು ಇದೇ ಅಂದರು.

ಹಿತ್ತಲ ಬಾಗಿಲಲ್ಲಿ ಕೂತಿದ್ದ ಅತ್ತೆ ಮೆಲ್ಲಗೆ ಅಂದರು, "ಹೌದು, ಎರಡು ಕಾರೇ. ಬೆಸುಗೆ ಹಾಕೋವಾಗ ನಾನೇ ಹಿಡ್ಕೊಂಡಿದ್ದೆ."

"ಗೊತ್ತಿತ್ತಾ ಅತ್ತೆ? ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ತೇಪೆ ಕಾರು ಅಂತ ಗೊತ್ತಾದ್ರೆ ಮಕ್ಕಳು ಹಗುರವಾಗಿ ನೋಡ್ತಾರೆ, ಹೇಳ್ಬೇಡ ಅಂದಿದ್ರು ಅವರು."

ಸತ್ತ ಗಂಡನ ಮರ್ಯಾದೆ ಕಾಯ್ದರು, ಬದುಕಿದ್ದ ಮಕ್ಕಳನ್ನು ಕಡಿದುಕೊಳ್ಳಲು ಬಿಟ್ಟರು. ಕೂಗಾಡಬೇಕೆನಿಸಿತು. ಆ ಮುದಿಮುಖ ನೋಡಿ ನುಂಗಿಕೊಂಡೆ.

ಭಾವ ಈಗಲಾದರೂ ಏನಾದರೂ ಅಂದಾರು ಎಂದು ಕಾದೆ. ಅವರು ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಕಾರಿನವರನ್ನು ಕೇಳಿದರು:

"ಆ ಗೆರೆಗೆ ಸರಿಯಾಗಿ ಕುಯ್ಯೋಕೆ ಆಗುತ್ತಾ? ನಂದು ನಾನು ತಗೊಂಡು ಹೋಗ್ತೀನಿ."

"ಕುಯ್ಸಿ ಭಾವ," ಅಂದೆ. "ಹೇಗೂ ನಿಮ್ಮ ತಮ್ಮಂಗೆ ಯಾವಾಗ್ಲೂ ಹಿಂದಿನ ಸೀಟೇ ತಾನೆ?"

ಅವರಿಗೆ ಕೇಳಿಸಲಿಲ್ಲ. ಆಗಲೇ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದರು.