ಉಗುರುಬಣ್ಣದ ಮೂರು ಚುಕ್ಕಿ

ಹಬೆಯಕ್ಕನ ಉಗುರಿಗೆ ಬಣ್ಣ ಹಚ್ಚಿದ್ದನ್ನು ಯಾರೂ ಕಂಡವರಿಲ್ಲ. ಆದರೂ ಅವಳ ಕೈಚೀಲದಲ್ಲಿ ಯಾವಾಗಲೂ ಉಗುರುಬಣ್ಣದ ಮೂರು ಸೀಸೆ ಇರುತ್ತಿದ್ದವು. ಕೆಂಪು, ಹಸಿರು, ನೀಲಿ. ಅಲಂಕಾರವೆಲ್ಲ ಮೆಷಿನ್ನಿಗೆ.

ಅವಳ ಕೆಲಸ ಒಂದು ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆಯ ಹಾಸು, ಹಾಸ್ಟೆಲಿನ ಕಂಬಳಿ, ಹೋಟೆಲಿನ ಟವೆಲ್ಲು ಎಲ್ಲ ಮೂಟೆ ಮೂಟೆಯಾಗಿ ಅಲ್ಲಿಗೆ ಬರುತ್ತಿದ್ದವು. ಒಗೆಯುವ ಕೋಣೆಯ ಹಬೆಯಲ್ಲೇ ಅರ್ಧ ಆಯುಷ್ಯ ಕಳೆದದ್ದರಿಂದ ಅವಳಿಗೆ ಆ ಹೆಸರು ಬಿತ್ತು. ಹೆತ್ತವರು ಇಟ್ಟ ಹೆಸರು ಈಗ ಗಂಡನಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ.

ಒಗೆಯುವ ಮೆಷಿನ್ನಿನ ಮುಂಭಾಗದಲ್ಲಿ ಸಾಲಾಗಿ ಬಟನ್ನುಗಳು. ಪ್ರತಿಯೊಂದರ ಕೆಳಗೂ ಏನೋ ಬರೆದಿತ್ತು. ಏನೆಂದು ಹಬೆಯಕ್ಕನಿಗೆ ಗೊತ್ತಿರಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಒಬ್ಬರು ಒಂದೊಂದೇ ಬಟನ್ ತೋರಿಸಿಕೊಟ್ಟಿದ್ದರು. ಅವರು ಬೆನ್ನು ತಿರುಗಿಸಿದ ಕೂಡಲೇ ಅವಳು ಚುಕ್ಕಿ ಇಟ್ಟುಬಿಟ್ಟಳು. ಕೆಂಪು ಚುಕ್ಕಿ ಆಸ್ಪತ್ರೆಯ ಹಾಸುಗಳಿಗೆ, ಕುದಿಯುವ ನೀರು. ಹಸಿರು ಟವೆಲ್ಲಿಗೆ. ನೀಲಿ ಉಣ್ಣೆಯ ಕಂಬಳಿಗೆ, ತಣ್ಣೀರು. ಅಳಿಸಿಹೋದರೆ ಮತ್ತೆ ಇಡಬೇಕಲ್ಲ, ಅದಕ್ಕೇ ಸೀಸೆಗಳು. ವರ್ಷಗಟ್ಟಲೆ ಈ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಅವಳು ಗುಟ್ಟು ಹೇಳಿದ್ದು ಗಂಡನಿಗೆ ಮಾತ್ರ. ಅವನು ಬಡಗಿ, ಮಾತು ಕಡಿಮೆ.

ಮಗಳಿಗೆ ಗೊತ್ತಿರಲಿಲ್ಲ. ಇದನ್ನು ನಂಬುವುದು ಕಷ್ಟ, ಆದರೆ ಹಬೆಯಕ್ಕ ಅಷ್ಟು ಜಾಣೆ. ಮಗಳು ಚಿಕ್ಕವಳಿದ್ದಾಗ ದಿನವೂ ಸಂಜೆ ಪುಸ್ತಕ ಕೈಲಿ ಹಿಡಿದು ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಮಗಳು ಎಲ್ಲಿ ತಡವರಿಸಿದಳೋ ಅಲ್ಲಿ "ತಪ್ಪು, ಇನ್ನೊಂದು ಸಲ ಹೇಳು" ಎನ್ನುತ್ತಿದ್ದಳು. ಹೆಚ್ಚಾಗಿ ಅಲ್ಲಿ ತಪ್ಪೇ ಇರುತ್ತಿತ್ತು. ಅಮ್ಮ ಬಹಳ ಕಟ್ಟುನಿಟ್ಟು ಎಂದುಕೊಂಡೇ ಮಗಳು ಬೆಳೆದಳು.

ಆ ಮಗಳು ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಫೇಲಾದಳು. ಉಳಿದ ವಿಷಯಗಳೆಲ್ಲ ಪಾಸು. ಮತ್ತೆ ಪರೀಕ್ಷೆ ಕಟ್ಟು ಎಂದರೆ ಕಿವಿಗೆ ಹಾಕಿಕೊಳ್ಳಲಿಲ್ಲ. "ನನ್ನ ತಲೆಗೆ ಅದು ಹತ್ತಲ್ಲಮ್ಮ, ಬಿಟ್ಟುಬಿಡು" ಎಂದು ಅಮ್ಮನ ಲಾಂಡ್ರಿಗೇ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದಳು. ಹಬೆಯಕ್ಕನಿಗೆ ಅದು ಸರಿಬರಲಿಲ್ಲ. ಆದರೆ ಯಾವ ಬಾಯಿಂದ ಬೈಯುವುದು?

ಅವರ ಬೀದಿಯ ಕೊನೆಯಲ್ಲಿ ಒಂದು ಸೈಕಲ್ ಶಾಪು. ಅದರ ಮೇಲಿನ ಕೋಣೆಯಲ್ಲಿ ಸಂಜೆ ಶಾಲೆ ನಡೆಯುತ್ತಿತ್ತು. ಹೇಳಿಕೊಡುತ್ತಿದ್ದವರು ಒಬ್ಬ ನಿವೃತ್ತ ಬಸ್ ಕಂಡಕ್ಟರು. ಬಸ್ಸು ಬಿಟ್ಟರೂ ಅಭ್ಯಾಸ ಬಿಟ್ಟಿರಲಿಲ್ಲ. ಸಂಜೆಯಾದರೆ ಬೀದಿಯುದ್ದಕ್ಕೂ "ಬನ್ನಿ ಬನ್ನಿ, ಒಳಗೆ ಜಾಗ ಇದೆ" ಎಂದು ಕೂಗಿಕೊಂಡೇ ಹೋಗುತ್ತಿದ್ದರು. ಬೋರ್ಡು ಓದಲಾರದೆ ಬಸ್ಸಿನ ಊರು ಕೇಳುವವರನ್ನು ಕಂಡು ಕಂಡು ಅವರಿಗೆ ಹಬೆಯಕ್ಕನ ಗುಟ್ಟು ತಾನಾಗಿ ಹೊಳೆದಿತ್ತು; ಮಗಳು ಮನೆಯಲ್ಲಿಲ್ಲದಾಗ ಅವಳ ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು.

"ಅಕ್ಕ, ಇವತ್ತಾದ್ರೂ ಹತ್ತುತ್ತೀರಾ?"

"ನನ್ನ ಬಸ್ಸು ಯಾವತ್ತೋ ಹೋಯ್ತು ಬಿಡಿ ಅಣ್ಣ."

"ಹೋದ ಬಸ್ಸು ಡಿಪೋಗೆ ಹೋಗಿ ತಿರುಗಿ ಬರುತ್ತೆ. ಜೀವನ ಪೂರ್ತಿ ಅದರಲ್ಲೇ ನಿಂತಿದ್ದವನು ನಾನು, ನನಗೆ ಗೊತ್ತಿಲ್ವಾ?"

"ಅಲ್ಲಾ ಅಣ್ಣ, ತಲೆ ನೆರೆತ ಮೇಲೆ ಅಕ್ಷರ ತಿದ್ದೋಕೆ ಕೂತರೆ ಬೀದಿಯವರು ನಗಲ್ವಾ? ಅದೂ ಅಲ್ದೆ ಅದರಿಂದ ನನಗೇನಾಗಬೇಕು? ನನ್ನ ಕೆಲಸ ನಡೀತಿದೆ."

ಹೀಗೆಂದು ಅವಳು ಒಳಗೆ ಹೋಗುತ್ತಿದ್ದಳು. ಅವರು ಮುಂದಕ್ಕೆ ಹೋಗುತ್ತಿದ್ದರು. ಇಬ್ಬರಿಗೂ ಬೇಜಾರಿರಲಿಲ್ಲ.

ಒಂದು ದಿನ ಲಾಂಡ್ರಿ ನೋಡಲು ಯಾರೋ ದೊಡ್ಡವರು ಬರುವುದಿತ್ತು. ಎಲ್ಲ ಥಳಥಳ ಹೊಳೆಯಬೇಕು ಎಂದು ಮ್ಯಾನೇಜರ್ ಹೇಳಿದರು. ಮಗಳಿಗೆ ಅಮ್ಮನ ಮೆಷಿನ್ ಮೇಲೆ ಸ್ವಲ್ಪ ಹೆಚ್ಚೇ ಅಭಿಮಾನ. ಹಬೆಯಕ್ಕ ಊಟಕ್ಕೆ ಹೋದಾಗ ಕಲೆ ತೆಗೆಯುವ ದ್ರಾವಣ ತಂದು ಮೆಷಿನ್ನಿನ ಮುಖವನ್ನು ಉಜ್ಜಿ ಉಜ್ಜಿ ತೊಳೆದಳು. ಯಾರೋ ಗಲೀಜು ಮಾಡಿದ ಮೂರು ಬಣ್ಣದ ಕಲೆಗಳನ್ನಂತೂ ಬಿಡದೆ ಕೆರೆದು ತೆಗೆದಳು.

ಹಬೆಯಕ್ಕ ಕೈ ತೊಳೆದುಕೊಂಡು ಬಂದು ನೋಡಿದರೆ ಚುಕ್ಕಿಗಳೇ ಇಲ್ಲ. ಬಟನ್ನುಗಳೆಲ್ಲ ಒಂದೇ ಥರ ಕಾಣುತ್ತಿದ್ದವು.

ಇಷ್ಟು ವರ್ಷ ಒತ್ತಿದವಳಿಗೆ ಜಾಗ ನೆನಪಿರಲಿಲ್ಲವೇ ಎಂದು ನೀವು ಕೇಳಬಹುದು. ಚುಕ್ಕಿ ನೋಡಿ ಒತ್ತುವವರು ಜಾಗವನ್ನೇಕೆ ನೆನಪಿಟ್ಟುಕೊಳ್ಳುತ್ತಾರೆ? ಸಾಲದ್ದಕ್ಕೆ, ಕೆಟ್ಟುಹೋಗಿದ್ದ ಆ ಮುಂಭಾಗವನ್ನು ಹಿಂದಿನ ವರ್ಷವಷ್ಟೇ ಬದಲಾಯಿಸಿ ಮತ್ತೆ ತೋರಿಸಿಕೊಟ್ಟಿದ್ದರು, ಅವಳು ಮತ್ತೆ ಚುಕ್ಕಿ ಇಟ್ಟಿದ್ದಳು. ಹಳೆಯ ಸಾಲು, ಹೊಸ ಸಾಲು ಎರಡೂ ಅವಳ ತಲೆಯಲ್ಲಿ ಕಲಸುಮೇಲೋಗರವಾಗಿದ್ದವು. ಮಗಳು ಪಕ್ಕದಲ್ಲೇ ನಿಂತಿದ್ದಳು. "ಚೆನ್ನಾಗಿದೆಯಾ ಅಮ್ಮ?" ಎಂದಳು. "ಇದರಲ್ಲಿ ಉಣ್ಣೆಯದು ಯಾವುದು?" ಎಂದು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಹಬೆಯಕ್ಕ ಕೇಳಲಿಲ್ಲ. "ಚೆನ್ನಾಗಿದೆ" ಎಂದು, ಹಾಸ್ಟೆಲಿನ ಕಂಬಳಿಗಳನ್ನು ತುಂಬಿ, ಧೈರ್ಯ ಮಾಡಿ ಒಂದು ಬಟನ್ ಒತ್ತಿದಳು.

ಕಂಬಳಿಗಳು ಕುದಿಯುವ ನೀರಲ್ಲಿ ಮಿಂದು ಹೊರಬಂದವು. ಆಳುದ್ದ ಇದ್ದದ್ದು ತೊಟ್ಟಿಲಿಗೆ ಹೊದಿಸುವಷ್ಟಾಗಿ, ರಟ್ಟಿನಂತೆ ಗಟ್ಟಿಯಾಗಿತ್ತು. ಇಸ್ತ್ರಿ ಮಾಡುವವರು ಒಂದನ್ನು ಎತ್ತಿ ಹಿಡಿದು ನಕ್ಕರು. ಮ್ಯಾನೇಜರ್ ಬಂದು ನೋಡಿದರು. ಅವರು ನಗಲಿಲ್ಲ.

"ಅಮ್ಮ, ಬಟನ್ ಕೆಳಗೆ 'ಉಣ್ಣೆ' ಅಂತ ಬರೆದಿದೆಯಲ್ಲ" ಎಂದು ಮಗಳು ಮೆಲ್ಲಗೆ ಹೇಳಿದಳು. ಆಮೇಲೆ ಅಮ್ಮನ ಮುಖ ನೋಡಿದಳು. ಕೆರೆದು ತೆಗೆದ ಚುಕ್ಕಿಗಳು ನೆನಪಾದವು. ಅವಳಿಗೆ ಎಲ್ಲ ಅರ್ಥವಾಯಿತು.

"ಯಾರು ಒತ್ತಿದ್ದು?" ಎಂದರು ಮ್ಯಾನೇಜರ್.

"ನಾನು ಸಾರ್. ಒರೆಸುವಾಗ ಕೈ ತಗುಲಿತು" ಎಂದಳು ಮಗಳು.

ಹಬೆಯಕ್ಕ ಎಷ್ಟೋ ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು. ತನ್ನ ತಪ್ಪನ್ನು ಮಗಳು ಹೊರುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಸುಳ್ಳು ಹೇಳ್ತಿದ್ದಾಳೆ ಸಾರ್. ಒತ್ತಿದ್ದು ನಾನು. ನನಗೆ ಓದೋಕೆ ಬರಲ್ಲ."

ಮ್ಯಾನೇಜರ್ ಕೆಟ್ಟವರಲ್ಲ. ಕಂಬಳಿಯನ್ನು ಪಕ್ಕಕ್ಕಿಟ್ಟರು.

"ಅಕ್ಕ, ಇದೊಂದು ಸಲ ಹೇಗೋ ಸಂಭಾಳಿಸ್ತೀನಿ. ಆದರೆ ಮಳೆಗಾಲ ಕಳೆದ ಮೇಲೆ ಹೊಸ ಮೆಷಿನ್ ಬರ್ತವೆ. ಅದರಲ್ಲಿ ಬಟನ್ನೇ ಇಲ್ಲ, ಎಲ್ಲ ಪರದೆ ಮೇಲೆ ಬರುತ್ತೆ. ಓದಿಕೊಂಡು ನಡೆಸಬೇಕು."

"ಪರದೆ ಮೇಲೆ ಚುಕ್ಕಿ ಇಟ್ಟುಕೊಂಡ್ರೆ?"

"ಪರದೆ ಗಳಿಗೆಗೊಂದು ಥರ ಬದಲಾಗುತ್ತೆ ಅಕ್ಕ. ಓದೋಕೆ ಬರದೆ ಇದ್ರೆ ನಿಮ್ಮನ್ನ ಹಿಂದಿನ ಕೋಣೆಗೆ ಹಾಕಬೇಕಾಗುತ್ತೆ."

ಹಿಂದಿನ ಕೋಣೆ ಎಂದರೆ ಆಸ್ಪತ್ರೆಯ ಕೊಳೆ ಹಾಸುಗಳನ್ನು ಬಿಚ್ಚಿ ವಿಂಗಡಿಸುವ ಜಾಗ. ಅಲ್ಲಿಗೆ ಯಾರೂ ತಾವಾಗಿ ಹೋಗುವುದಿಲ್ಲ. ಕಿಟಕಿಯೂ ಇಲ್ಲ. ಹಬೆಯಕ್ಕನಿಗೆ ಹೆದರಿಕೆಯಾಯಿತು. ತನ್ನ ಮೆಷಿನ್ ಕೈತಪ್ಪಿಹೋಗುತ್ತದಲ್ಲ ಎಂದು ದುಃಖವೂ ಆಯಿತು.

ಸಂಜೆ ತಾಯಿ ಮಗಳು ಮನೆಗೆ ನಡೆದು ಬರುವಾಗ ಅರ್ಧ ದಾರಿಯಲ್ಲಿ ಮಗಳು ಕೇಳಿದಳು.

"ಅಮ್ಮ, ಪುಸ್ತಕ ಹಿಡ್ಕೊಂಡು ನನ್ನ ಪಾಠ ಒಪ್ಪಿಸಿಕೊಳ್ತಿದ್ದೆಯಲ್ಲ?"

"ಪುಸ್ತಕ ಎಲ್ಲಿ ನೋಡ್ತಿದ್ದೆ? ನಿನ್ನ ಮುಖ ನೋಡ್ತಿದ್ದೆ ಕಣೇ."

ಮಗಳು ಅಮ್ಮನ ಕೈ ಹಿಡಿದುಕೊಂಡಳು. ಚಿಕ್ಕಂದಿನ ನಂತರ ಬೀದಿಯಲ್ಲಿ ಹಾಗೆ ಹಿಡಿದಿರಲಿಲ್ಲ.

ಬಾಗಿಲ ಹತ್ತಿರ ಕಂಡಕ್ಟರ್ ಮೇಷ್ಟ್ರು ಎಂದಿನಂತೆ ನಿಂತಿದ್ದರು. ಈ ಸಲ ಹಬೆಯಕ್ಕನೇ ಮೊದಲು ಮಾತಾಡಿದಳು.

"ಅಣ್ಣ, ನನ್ನಂಥವರಿಗೆ ನಿಜವಾಗ್ಲೂ ಬರುತ್ತಾ? ಸುಮ್ಮನೆ ಆಸೆ ತೋರಿಸಬೇಡಿ."

"ನಿಧಾನವಾಗಿ ಬರುತ್ತೆ. ಬೇಗ ಬರುತ್ತೆ ಅಂತ ನಾನು ಹೇಳಲ್ಲ. ನಮ್ಮಲ್ಲಿ ಒಬ್ಬ ಕ್ಷೌರದವನಿದ್ದಾನೆ, ಮೊಮ್ಮಗ ಹುಟ್ಟಿದ ಮೇಲೆ ಅ ಆ ತಿದ್ದಿದ. ಈಗ ಅಂಗಡಿಯಲ್ಲಿ ಗಿರಾಕಿಗಳನ್ನ ಕಾಯಿಸಿ ಪೇಪರ್ ಓದ್ತಾನೆ. ಅವರೆಲ್ಲ ನನಗೇ ಬೈತಾರೆ."

"ಕಣ್ಣೂ ಅಷ್ಟು ಚೆನ್ನಾಗಿ ಕಾಣಲ್ಲ."

"ಕಣ್ಣು ಪರೀಕ್ಷೆ ಮಾಡಿಸಿ, ಕನ್ನಡಕ ಹಾಕ್ಕೊಳ್ಳಿ. ಇನ್ನೇನು?"

ಮೇಷ್ಟ್ರು ಮಗಳ ಕಡೆ ತಿರುಗಿದರು.

"ನೀನೂ ಬಾಮ್ಮ. ನೀನು ಬರೀಬೇಕಾದದ್ದು ಒಂದೇ ವಿಷಯ. ಫೇಲಾದವರಿಗೆ, ಅರ್ಧಕ್ಕೆ ಶಾಲೆ ಬಿಟ್ಟವರಿಗೆ ಅಂತಲೇ ಮತ್ತೆ ಪರೀಕ್ಷೆ ಇರುತ್ತೆ. ಯಾವಾಗ, ಎಲ್ಲಿ, ಹೇಗೆ ಅಂತ ವಿಚಾರಿಸಿ ನಾನು ಹೇಳ್ತೀನಿ."

"ನನ್ನ ಜೊತೆಯವರೆಲ್ಲ ಮುಂದೆ ಹೋದ್ರು ಮೇಷ್ಟ್ರೇ. ನಾಚಿಕೆಯಾಗುತ್ತೆ."

"ನಾಚಿಕೆ ಅಂತೆ" ಎಂದಳು ಹಬೆಯಕ್ಕ. "ಇವತ್ತು ಲಾಂಡ್ರಿಯವರೆಲ್ಲರ ಮುಂದೆ ಓದೋಕೆ ಬರಲ್ಲ ಅಂತ ಹೇಳಿದೆ. ನನಗೇನಾಯ್ತು? ಇನ್ನೂ ನಿಂತೇ ಇದೀನಿ. ನೀನು ಬಂದ್ರೆ ನಾನು ಬರ್ತೀನಿ. ಇಲ್ಲಾಂದ್ರೆ ಇಬ್ಬರೂ ಹಿಂದಿನ ಕೋಣೆಗೆ ಹೋಗೋಣ."

ಒಳಗಿನಿಂದ ಬಡಗಿ ಕೇಳಿದ. "ಒಲೆ ಯಾರು ನೋಡ್ಕೊಳ್ತಾರೆ?"

"ನೀವು ಮರ ಕೊಯ್ಯೋರು. ತರಕಾರಿ ಕೊಯ್ಯೋಕೆ ಬರಲ್ವಾ?"

ಮರುದಿನದಿಂದ ಆ ಮನೆಯಲ್ಲಿ ತರಕಾರಿಯ ಹೋಳುಗಳೆಲ್ಲ ಅಳತೆಪಟ್ಟಿ ಇಟ್ಟು ಕೊಯ್ದಂತೆ ಒಂದೇ ಸಮ ಇರುತ್ತಿದ್ದವು. ಬೇಯುತ್ತಿದ್ದದ್ದು ಮಾತ್ರ ಒಂದೊಂದು ದಿನ.

ಸೈಕಲ್ ಶಾಪಿನ ಮೇಲಿನ ಕೋಣೆಯಲ್ಲಿ ಗ್ರೀಸಿನ ವಾಸನೆ. ಹಬೆಯಕ್ಕನಿಗೆ ಬೆಂಚಿನ ಮೇಲೆ ಕೂರಲು ಸಂಕೋಚ. ಒದ್ದೆ ಹಾಸುಗಳನ್ನು ಹಿಂಡಿದ ಆ ಕೈಯ ಹಿಡಿತಕ್ಕೆ ಬಳಪ ಪಟಪಟನೆ ಮುರಿಯುತ್ತಿತ್ತು. "ನಿಮಗೆ ಮೊದಲು ಯಾವ ಮಾತು ಬೇಕು?" ಎಂದು ಮೇಷ್ಟ್ರು ಕೇಳಿದರು. "ಬಿಸಿನೀರು, ತಣ್ಣೀರು, ಉಣ್ಣೆ" ಎಂದಳು. ಅಲ್ಲಿಂದಲೇ ಶುರುವಾಯಿತು. ಕಲಿತದ್ದು ಮರೆಯುತ್ತಿತ್ತು. ಒಂದು ವಾರವಂತೂ ಏನೂ ತಲೆಗೆ ಹೋಗದೆ, "ಇದು ನನ್ನಿಂದಾಗಲ್ಲ" ಎಂದು ಮನೆಯಲ್ಲೇ ಕೂತಳು. ಮಗಳು ಬಿಡಲಿಲ್ಲ. ಈಗ ಕಟ್ಟುನಿಟ್ಟು ಮಾಡುವ ಸರದಿ ಅವಳದು.

ಮಗಳ ಗಣಿತಕ್ಕೂ ಒಂದು ಉಪಾಯವಾಯಿತು. ಹಬೆಯಕ್ಕ ಪಕ್ಕದಲ್ಲಿ ಕೂತು ಪ್ರತಿ ಹೆಜ್ಜೆಗೂ "ಯಾಕೆ?" ಎನ್ನುತ್ತಿದ್ದಳು. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ, ಅದಕ್ಕೇ ಕೇಳುತ್ತಿದ್ದಳು. ಅಮ್ಮನಿಗೆ ಅರ್ಥವಾಗುವಂತೆ ಬಿಡಿಸಿ ಬಿಡಿಸಿ ಹೇಳುವಷ್ಟರಲ್ಲಿ ಮಗಳಿಗೂ ಅರ್ಥವಾಗುತ್ತಿತ್ತು. ಕೆಲವೊಮ್ಮೆ ಸಿಟ್ಟು ಬಂದು ಪುಸ್ತಕ ಮುಚ್ಚಿಡುತ್ತಿದ್ದಳು. ಮತ್ತೆ ತೆಗೆಯುತ್ತಿದ್ದಳು.

ಹೊಸ ಮೆಷಿನ್ನುಗಳು ಶುರುವಾದ ದಿನವೇ ಮಗಳ ಪರೀಕ್ಷೆಯೂ ಬಂತು. ಬೆಳಿಗ್ಗೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು.

ಲಾಂಡ್ರಿಯಲ್ಲಿ ಮೆಷಿನ್ ಜೋಡಿಸಿದವನು ಎಲ್ಲ ತೋರಿಸಿ ಟೀ ಕುಡಿಯಲು ಹೋದ. ಹಬೆಯಕ್ಕ ಹಾಸು ತುಂಬಿ ಪರದೆ ಮುಟ್ಟಿದಳು. ಮೆಷಿನ್ ತಿರುಗಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರಗಳು ಬಂದು ನಿಂತವು. ಸುತ್ತ ನಿಂತವರು ಒಬ್ಬೊಬ್ಬರು ಒಂದೊಂದು ಹೇಳಿದರು. ಮುಟ್ಟಬೇಡಿ, ಕೆಟ್ಟಿದೆ. ಕರೆಂಟ್ ಹೋಗಿರಬೇಕು. ಅವನನ್ನು ಕರೆಯಿರಿ.

ಹಬೆಯಕ್ಕ ಕನ್ನಡಕ ಸರಿಮಾಡಿಕೊಂಡಳು. ಅಕ್ಷರಗಳ ಕೆಳಗೆ ಬೆರಳಿಟ್ಟು ಒಂದೊಂದನ್ನೇ ದಾಟಿದಳು. ಮೊದಲ ಮಾತಿಗೇ ಬಹಳ ಹೊತ್ತಾಯಿತು. ಬಾಗಿಲು. ಆಮೇಲಿನದು ಬೇಗ ಬಂತು.

"ಬಾಗಿಲು ಸರಿಯಾಗಿ ಮುಚ್ಚಿಲ್ಲ ಅಂತಿದೆ" ಎಂದಳು.

ಸೊಂಟದಿಂದ ಬಾಗಿಲನ್ನು ಒಂದು ಸಲ ತಳ್ಳಿದಳು. ಟಕ್ಕೆಂದು ಕೂತಿತು. ಮೆಷಿನ್ ತಿರುಗತೊಡಗಿತು. ಹಬೆಯಕ್ಕನಿಗೆ ಬಹಳ ಸಂತೋಷವಾಯಿತು. ಮೆಷಿನ್ನೊಂದು ತನಗೆ ಏನೋ ಹೇಳಿತು, ತನಗದು ತಿಳಿಯಿತು. ಆ ದಿನವೆಲ್ಲ ಅವಳು ಮೆಷಿನ್ ಮೇಲೆ ಬರೆದಿದ್ದನ್ನೆಲ್ಲ ಓದಿದಳು. 'ಮಕ್ಕಳನ್ನು ದೂರವಿಡಿ' ಎಂಬುದನ್ನೂ ಬಿಡಲಿಲ್ಲ.

ಸಂಜೆ ಮಗಳು ಬಂದು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಳು.

"ಹೇಗಾಯ್ತು?"

"ಒಂದು ಲೆಕ್ಕ ಬಿಟ್ಟೆ. ಉಳಿದದ್ದೆಲ್ಲ ಬರ್ದೆ."

ಹಬೆಯಕ್ಕ ಹಳೆಯ ಅಭ್ಯಾಸದಂತೆ ಅವಳ ಮುಖ ನೋಡಿದಳು. ತಡವರಿಕೆ ಎಲ್ಲೂ ಕಾಣಲಿಲ್ಲ. ಎದ್ದು ಹೋಗಿ ಕೈಚೀಲದಿಂದ ಮೂರು ಸೀಸೆ ತಂದು ಮಗಳ ಮುಂದಿಟ್ಟಳು.

"ತಗೋ, ನೀನೇ ಇಟ್ಕೋ. ಇನ್ನು ನನಗೆ ಕೆಲಸಕ್ಕೆ ಬರಲ್ಲ."

ನೀಲಿ, ಹಸಿರು ಒಣಗಿಹೋಗಿದ್ದವು. ಕೆಂಪು ಇನ್ನೂ ಇತ್ತು. ಮಗಳು ಮುಚ್ಚಳ ತೆಗೆದು, ಅಮ್ಮನ ಕೈ ಎಳೆದುಕೊಂಡು, ಹಬೆಯಲ್ಲಿ ನೆನೆದು ಬೆಳ್ಳಗಾಗಿದ್ದ ಹೆಬ್ಬೆರಳ ಉಗುರಿಗೆ ಬಣ್ಣ ಹಚ್ಚಿದಳು. ಹಬೆಯಕ್ಕ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

ಕಥೆ ಕೇಳಿದ ನೀವೂ ಒಮ್ಮೆ ನಿಮ್ಮ ಮನೆ, ಕೆಲಸದ ಜಾಗ ನೋಡಿಕೊಳ್ಳಿ. ಅಲ್ಲೂ ಯಾರೋ ಚುಕ್ಕಿ ಇಟ್ಟುಕೊಂಡು ದಿನ ದೂಡುತ್ತಿರಬಹುದು. ಅದು ನೀವೇ ಇರಬಹುದು. ಓದು ಅರ್ಧಕ್ಕೆ ನಿಂತಿದ್ದರೆ, ಒಂದು ವಿಷಯದಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದರೆ, ಅಕ್ಷರವನ್ನೇ ಕಲಿಯದಿದ್ದರೆ, ಹತ್ತಿರದ ಶಾಲೆಗೋ ಗ್ರಂಥಾಲಯಕ್ಕೋ ಕಲಿಕಾ ಕೇಂದ್ರಕ್ಕೋ ಹೋಗಿ ಕೇಳಿ. ಒಬ್ಬರೇ ಹೋಗಲು ಸಂಕೋಚವಾದರೆ ಮಗಳನ್ನೋ ಅಮ್ಮನನ್ನೋ ಪಕ್ಕದ ಮನೆಯವರನ್ನೋ ಕರೆದುಕೊಂಡು ಹೋಗಿ. ನಾಳೆ ನೋಡೋಣ ಎನ್ನಬೇಡಿ, ಇವತ್ತೇ ಹತ್ತಿ. ಒಳಗೆ ಜಾಗ ಇದೆ.